ಭಾವ ತಂದ ಕೆಂಪು ಕಾರು

ನಿನ್ನೆ ಅಂಗಡಿಗೆ ಸಾಮಾನು ತರಲು ಮೈಸೂರಿಗೆ ಹೋಗಿದ್ದವನು ವಾಪಸು ಬರುವಾಗ ಬಸ್ಸು ಬಿಳಿಕೆರೆಯಲ್ಲಿ ನಿಂತಿತು. ಕಿಟಕಿಯಿಂದ ಒಂದು ಸಿಹಿ ವಾಸನೆ ತೇಲಿ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎಲ್ಲೋ ಬೆಲ್ಲ ಕಾಯಿಸುತ್ತಿದ್ದಾರೆ ಅಂದರು. ಅದು ಬೆಲ್ಲವಲ್ಲ ಎಂದು ನನಗೆ ನೋಡದೆಯೇ ಗೊತ್ತಾಯಿತು. ಬಗ್ಗಿ ನೋಡಿದರೆ ರಸ್ತೆಬದಿಯಲ್ಲಿ ನೆಲಕ್ಕೆ ಅಂಟಿಕೊಂಡಂತಿದ್ದ ಕಪ್ಪು ಕಾರೊಂದು ಬಾನೆಟ್ಟು ತೆರೆದುಕೊಂಡು ಹಬೆ ಬಿಡುತ್ತಾ ನಿಂತಿತ್ತು. ಇಂಜಿನ್ನನ್ನು ತಣ್ಣಗಿಡಲು ಹಾಕುವ ಕೂಲೆಂಟ್ ಎಂಬ ಬಣ್ಣದ ನೀರು ಸೋರಿ ಬಿಸಿ ಕಬ್ಬಿಣದ ಮೇಲೆ ಬಿದ್ದಾಗ ಬರುವ ವಾಸನೆ ಅದು. ಕಾರಿನ ಯಜಮಾನ ಫೋನು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದ. ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಆ ಮುಖವನ್ನು ನಾನು ಹಿಂದೆಯೂ ನೋಡಿದ್ದೆ, ಹೆಚ್ಚುಕಮ್ಮಿ ಅದೇ ಜಾಗದಲ್ಲಿ.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಪಿರಿಯಾಪಟ್ಟಣದ ಹತ್ತಿರದ ಬೇಸಾಯಗಾರರು. ಹೊಗೆಸೊಪ್ಪು ಬೆಳೆಯುತ್ತಾರೆ, ಆದರೆ ಒಂದು ದಿನವೂ ಬೀಡಿ ಸೇದಿದವರಲ್ಲ. ಹಬ್ಬಕ್ಕೆ ಬಟ್ಟೆ ತಂದರೆ ಇದ್ಯಾಕೆ ದಂಡ ಎನ್ನುವ ಜಾತಿ. ಅವರ ಜಮೀನು ಕೊಡಗಿನ ಕಡೆ ಹೋಗುವ ದೊಡ್ಡ ರಸ್ತೆಯ ಪಕ್ಕದಲ್ಲೇ ಇದೆ. ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಗುಂಯ್ ಎನ್ನುತ್ತಾ ಹಾದುಹೋಗುತ್ತವೆ. ಮೂವತ್ತು ವರ್ಷ ಕಳೆ ಕೀಳುತ್ತಾ ಆ ಸದ್ದು ಕೇಳಿದ ಮನುಷ್ಯನ ಮನಸ್ಸಿನಲ್ಲಿ ಏನು ಬೆಳೆಯುತ್ತಿತ್ತು ಎಂದು ನಮಗೆ ಯಾರಿಗೂ ತಿಳಿದಿರಲಿಲ್ಲ. ಮಗಳನ್ನು ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆ ಕೊಟ್ಟು ಮದುವೆ ಮಾಡಿದ್ದಾಗಿತ್ತು. ಎಚ್.ಡಿ. ಕೋಟೆಯಲ್ಲಿ ಗುತ್ತಿಗೆಗೆ ಜಮೀನು ಹಿಡಿದು ಹಾಕಿದ್ದ ಶುಂಠಿಗೆ ಒಂದು ವರ್ಷ ಯಾರೂ ಕನಸಿನಲ್ಲೂ ಎಣಿಸದಂಥ ಬೆಲೆ ಬಂತು. ಆ ದುಡ್ಡಿನಲ್ಲಿ ಸೈಟೋ ಒಡವೆಯೋ ಬರುತ್ತದೆ ಎಂದು ನಾವೆಲ್ಲ ಕಾಯುತ್ತಿರುವಾಗ ಭಾವ ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ಬೆಂಗಳೂರಿಗೆ ಹೋಗಿ ಒಂದು ಕಾರು ನೋಡಿಕೊಂಡು ಬರೋಣ ಎಂದರು.

ಹುಣಸೂರಿನಲ್ಲಿ ನನ್ನದು ಫ್ಯಾನು, ಬಲ್ಬು, ಮೋಟರು ಸ್ಟಾರ್ಟರುಗಳ ಅಂಗಡಿ. ಕಾರಿನೊಳಗೂ ವೈರುಗಳಿರುತ್ತವೆ, ಆದ್ದರಿಂದ ನನಗೆ ಕಾರು ತಿಳಿಯುತ್ತದೆ ಎಂಬುದು ಭಾವನ ಲೆಕ್ಕಾಚಾರ. ಹೊಗಳಿಕೆಗೆ ಉಬ್ಬುವ ಸ್ವಭಾವ ನನ್ನದು. ಬೆಂಗಳೂರಿನ ಆ ಹಳೇ ಕಾರುಗಳ ಶೋರೂಮಿನಲ್ಲಿ ಬಾನೆಟ್ಟು ಎತ್ತಿಸಿ, ಒಳಗಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳಗಳನ್ನು ಗಂಭೀರವಾಗಿ ನೋಡಿ, ತಲೆದೂಗಿದೆ. ಪರದೇಶದ ಕಾರು. ಕೆಂಪು ಬಣ್ಣ. ಮುಂದೆ ಇಬ್ಬರಿಗೆ ಸೊಗಸಾದ ಚರ್ಮದ ಸೀಟು, ಹಿಂದೆ ಹೆಸರಿಗೆ ಎರಡು ಸೀಟು. ಹೊಸದರ ಬೆಲೆಯಲ್ಲಿ ಕಾಲು ಭಾಗಕ್ಕೆ ಬರುತ್ತದೆ ಎಂದ ಮಾರುವವನು. ಕೊಳ್ಳುವ ಬೆಲೆ ಮಾತ್ರ ಕಾಲು ಭಾಗವಾಗಿರುತ್ತದೆ, ರಿಪೇರಿಯ ಬೆಲೆ ಹೊಸ ಕಾರಿನದೇ ಆಗಿರುತ್ತದೆ ಎಂದು ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ. ನೀವೇನಾದರೂ ಅಂಥ ಯೋಚನೆಯಲ್ಲಿದ್ದರೆ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಕಾರು ಊರಿಗೆ ಬಂದ ದಿನ ಅಕ್ಕ ಆರತಿ ಎತ್ತಲಿಲ್ಲ. ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ಆಮೇಲೆ ತಿಂಗಳುಗಟ್ಟಲೆ ಆ ಕಾರಿನ ಹತ್ತಿರ ಸುಳಿಯಲಿಲ್ಲ. ಗಂಡನ ಜೊತೆ ಮಾತೂ ಊಟಕ್ಕೆ ಬನ್ನಿ, ಹಾಲಿನವನು ಬಂದ ಎನ್ನುವಷ್ಟಕ್ಕೆ ಇಳಿಯಿತು. ಅದು ಕಾರಿನ ಮೇಲಿನ ಸಿಟ್ಟು ಎಂದೇ ನಾವು ತಿಳಿದಿದ್ದೆವು.

ಕಾರು ಮೊದಲು ಕೆಟ್ಟದ್ದು ಊರಿನ ಉಬ್ಬಿನ ಮೇಲೆ. ನಮ್ಮ ಕಡೆಯ ರಸ್ತೆ ಉಬ್ಬುಗಳನ್ನು ಎತ್ತಿನಗಾಡಿಗಳನ್ನೂ ನಿಲ್ಲಿಸಬೇಕೆಂಬ ಹಟದಿಂದ ಕಟ್ಟಿರುತ್ತಾರೆ. ಪ್ರತಿಯೊಂದರ ಮೇಲೂ ಕಾರಿನ ಹೊಟ್ಟೆ ಉಜ್ಜಿ, ಕೇಳಿದವರ ಹಲ್ಲು ಜುಂ ಎನ್ನುವಂಥ ಸದ್ದು ಬರುತ್ತಿತ್ತು. ಆಮೇಲೆ ಕೋಟೆ ರಸ್ತೆಯ ಗುಂಡಿಯೊಂದರಲ್ಲಿ ಟೈರು ಸಿಡಿದು ಚಕ್ರದ ರಿಮ್ಮೂ ಬಗ್ಗಿತು. ಆ ಒಂದು ಟೈರಿನ ದುಡ್ಡಿಗೆ ಟ್ರ್ಯಾಕ್ಟರಿನ ದೊಡ್ಡ ಟೈರು ಬಂದು ಮೇಲೆ ಚಿಲ್ಲರೆಯೂ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಎಡ ಮಗ್ಗುಲು ಕುಸಿದು, ಎಮ್ಮೆ ಮಲಗಲು ಮಂಡಿಯೂರಿದ ಹಾಗೆ ಕೂತಿತ್ತು. ಆ ಕಾರು ನಿಲ್ಲುವುದು ಕಬ್ಬಿಣದ ಸ್ಪ್ರಿಂಗು ಪಟ್ಟಿಗಳ ಮೇಲಲ್ಲ, ಗಾಳಿ ತುಂಬಿದ ಚೀಲಗಳ ಮೇಲಂತೆ. ವಯಸ್ಸಾದ ಚೀಲ ಬಿರುಕು ಬಿಟ್ಟಿತ್ತು. ಒಂದು ಚೀಲಕ್ಕೆ ಒಂದು ಜರ್ಸಿ ಹಸುವಿನ ಬೆಲೆ. ಹಬ್ಬ ಹುಣ್ಣಿಮೆಗೆ ಮಾತ್ರ ಓಡಿಸಿದರೆ ಬ್ಯಾಟರಿ ಸತ್ತುಹೋಗುತ್ತಿತ್ತು, ದಿನಾ ಓಡಿಸಿದರೆ ಪೆಟ್ರೋಲು ಕುಡಿಯುತ್ತಿತ್ತು. ಸೊಪ್ಪು ತುಂಬಿಡುವ ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಹೊಗೆಸೊಪ್ಪಿನ ಘಾಟಿಗೆ ಇಲಿಗಳು ಬರುವುದಿಲ್ಲ ಎಂದು ಭಾವ ನಂಬಿದ್ದರು. ಇಲಿಗಳು ಸೊಪ್ಪನ್ನು ಬಿಟ್ಟು ನೇರವಾಗಿ ವೈರಿಗೆ ಬಾಯಿ ಹಾಕಿದವು. ಆಗಲಾದರೂ ನನ್ನ ವಿದ್ಯೆ ಕೆಲಸಕ್ಕೆ ಬಂದೀತೆಂದು ಟೆಸ್ಟರ್ ಹಿಡಿದು ಹೋದೆ. ನಾನು ಮುಟ್ಟಿದ ಮೇಲೆ ಕೆಲಸ ಮಾಡುತ್ತಿದ್ದ ವೈಪರೂ ನಿಂತುಹೋಯಿತು.

ಕೊನೆಗೆ ಮೈಸೂರಿನ ರಿಂಗ್ ರಸ್ತೆಯಲ್ಲಿ ಇಂಥ ಕಾರುಗಳನ್ನೇ ನೋಡುವ ಇರ್ಫಾನ್ ಎಂಬವನ ಗ್ಯಾರೇಜು ನಮ್ಮ ಎರಡನೇ ಮನೆಯಾಯಿತು. ಒಳ್ಳೆಯ ಮನುಷ್ಯ. ಬಿಲ್ಲು ಕೊಡುವಾಗ ಅವನಿಗೇ ಸಂಕಟವಾಗುತ್ತಿತ್ತು. ಗೇರು ಬದಲಾಗುವಾಗ ಕಾರು ಜರ್ಕು ಹೊಡೆಯುತ್ತಿದೆ ಎಂದು ಫೋನಿನಲ್ಲಿ ಹೇಳಿದ್ದಕ್ಕೆ, ನಿಧಾನವಾಗಿ ಓಡಿಸಿಕೊಂಡು ಬನ್ನಿ, ಕಂಪ್ಯೂಟರಿಗೆ ಹಾಕಿ ಸ್ಕ್ಯಾನ್ ಮಾಡಬೇಕು, ಗೇರ್‌ಬಾಕ್ಸೇ ಹೋಗಿದ್ದರೆ ದೊಡ್ಡ ಖರ್ಚು ಎಂದ. ಎಷ್ಟಾಗಬಹುದು ಎಂದು ಕೇಳಿದಾಗ ಅವನು ಹೇಳಿದ ಮೊತ್ತಕ್ಕೆ ಬೋರ್‌ವೆಲ್ ತೆಗೆಸಿ ಮೋಟರನ್ನೂ ಇಳಿಸಬಹುದಿತ್ತು.

ಆ ದಿನ ಭಾವ ಪಿರಿಯಾಪಟ್ಟಣದಿಂದ ಹೊರಟು ಹುಣಸೂರಿನಲ್ಲಿ ನನ್ನನ್ನು ಹತ್ತಿಸಿಕೊಳ್ಳಲು ಬಂದರು. ಬಾಗಿಲು ತೆರೆದರೆ ಮುಂದಿನ ಸೀಟಿನಲ್ಲಿ ಅಕ್ಕ ಕೂತಿದ್ದಳು. ಒಳ್ಳೆಯ ಸೀರೆ, ತೊಡೆಯ ಮೇಲೆ ಒಂದು ಬಟ್ಟೆ ಚೀಲ. ಮೈಸೂರಿನಲ್ಲಿ ಏನೋ ಕೆಲಸವಿದೆಯಂತೆ ಎಂದರು ಭಾವ. ನಾನು ಹಿಂದಿನ ಸೀಟಿಗೆ ತೂರಿಕೊಂಡೆ. ಆ ಸೀಟಿನಲ್ಲಿ ಕೂತರೆ ಮಂಡಿ ಗದ್ದಕ್ಕೆ ತಾಗುತ್ತದೆ, ತಲೆ ಗಾಜಿಗೆ ತಾಗುತ್ತದೆ. ಹೊಲಿದ ಮೂಟೆಯ ಹಾಗೆ ಕೂತು, ಮುಂದೆ ಇಬ್ಬರೂ ಒಂದೇ ಒಂದು ಮಾತಿಲ್ಲದೆ ರಸ್ತೆ ನೋಡುವುದನ್ನು ನೋಡುತ್ತಿದ್ದೆ.

ಬಿಳಿಕೆರೆ ಹತ್ತಿರ ಬಂದಾಗ ಮುಂದಿನ ಪರದೆಯಲ್ಲಿ ಕೆಂಪು ದೀಪ ಹತ್ತಿತು. ಭಾವ ಕಾರನ್ನು ಮರದ ನೆರಳಿಗೆ ತಂದು ನಿಲ್ಲಿಸುವುದಕ್ಕೂ ಬಾನೆಟ್ಟಿನ ಸಂದಿಯಿಂದ ಹಬೆ ಏಳುವುದಕ್ಕೂ ಸರಿಹೋಯಿತು. ಆಗ ಬಂದಿತ್ತು ಆ ಬೆಲ್ಲದ ವಾಸನೆ. ಗೇರ್‌ಬಾಕ್ಸಿನ ಚಿಂತೆಯಲ್ಲಿ ಹೊರಟಿದ್ದ ನಮಗೆ ಹಳೇ ಪ್ಲಾಸ್ಟಿಕ್ ಪೈಪು ಒಡೆದು ಹೊಸ ಖರ್ಚು ಎದುರಾಗಿತ್ತು. ಫೋನು ಮಾಡಿದರೆ ಇರ್ಫಾನ್, ಎಳೆದುಕೊಂಡು ಹೋಗುವ ಗಾಡಿ ಕಳಿಸುತ್ತೇನೆ, ಇಂಜಿನ್ ಮುಟ್ಟಬೇಡಿ ಎಂದ. ಭಾವ ಫೋನು ಜೇಬಿಗಿಟ್ಟು, ಯಾರಿಗೆಂದಿಲ್ಲದೆ ಹೇಳಿದರು: "ಸ್ಕ್ಯಾನ್ ಮಾಡಿದ್ರೇನೆ ಒಳ್ಗೆ ಏನಾಗದೆ ಅಂತ ತಿಳಿಯಾದು. ತಡ ಮಾಡ್ಬಾರ್ದಂತೆ."

ಅಕ್ಕ ಮರಕ್ಕೆ ಒರಗಿ ನಿಂತಿದ್ದಳು. ರಸ್ತೆಯ ಕಡೆ ನೋಡುತ್ತಲೇ, ಅಂಗಡಿಯಿಂದ ಉಪ್ಪು ತರಬೇಕು ಎನ್ನುವ ದನಿಯಲ್ಲಿ ಹೇಳಿದಳು.

"ನನ್ಗೂ ಒಂದ್ ಸ್ಕ್ಯಾನ್ ಮಾಡುಸ್ಬೇಕು ಅಂದವ್ರೆ. ಎದೇಲಿ ಗಂಟದೆ."

ಒಂದು ಲಾರಿ ಹೋಯಿತು. ಭಾವ ಅವಳ ಕಡೆ ತಿರುಗಿದರು.

"ಯಾವಾಗಿಂದ?"

"ಶುಂಠಿ ಕಿತ್ತಾಗಿಂದ. ನಿಮ್ಗೆ ಏಳಾಣ ಅಂತಿದ್ದೆ. ಅಷ್ಟ್ರಲ್ಲಿ ನೀವು ಕಾರ್ ತಂದ್ರಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಪಿರಿಯಾಪಟ್ಟಣದ ಲೇಡಿ ಡಾಕ್ಟರು ಮೈಸೂರಿಗೆ ಹೋಗಲೇಬೇಕು ಎಂದಿದ್ದರಂತೆ. ಗಂಡ ಗ್ಯಾರೇಜಿಗೆ ಓಡಾಡುವುದನ್ನು ನೋಡಿ, ಇದೂ ಒಂದು ಯಾಕೆ ಎಂದು ಅವಳು ಮುಂದಕ್ಕೆ ಹಾಕುತ್ತಾ ಬಂದಿದ್ದಳು. ಹೆದರಿಕೆಯೂ ಇತ್ತು. ಹೇಳದೆ ಇದ್ದರೆ ಅದು ಇಲ್ಲವೇ ಇಲ್ಲ ಎಂದುಕೊಳ್ಳಬಹುದಿತ್ತಲ್ಲ. ಇಷ್ಟು ದಿನದ ಅವಳ ಮೌನವನ್ನು ಸಿಟ್ಟು ಎಂದುಕೊಂಡು ಅವಳ ಬೆನ್ನ ಹಿಂದೆ ನಾವಿಬ್ಬರೂ ನಕ್ಕದ್ದು ನೆನಪಾಗಿ ನಾನು ನೆಲ ನೋಡಿದೆ.

ಹುಣಸೂರಿನ ಕಡೆಯಿಂದ ಕೆಂಪು ಬಸ್ಸು ಬರುತ್ತಿತ್ತು. ಭಾವ ರಸ್ತೆ ಮಧ್ಯಕ್ಕೇ ಹೋಗಿ ಕೈ ಅಡ್ಡ ಹಾಕಿದರು. ಕಾರಿನ ಕೀ ನನ್ನ ಕೈಯಲ್ಲಿಟ್ಟರು, ಕಾರಿನ ಮುಖವನ್ನೂ ನೋಡದೆ. ಕಾರಿನ ಗತಿ ಏನು ಎಂದು ಅಕ್ಕ ಕೇಳಿದಳು.

"ಅದು ಬಿದ್ದಿರ್ಲಿ ಬುಡು. ನೀನ್ ಬಸ್ ಅತ್ತು."

ಅವರಿಬ್ಬರನ್ನೂ ಹತ್ತಿಸಿಕೊಂಡು ಬಸ್ಸು ಹೋಯಿತು. ಗ್ಯಾರೇಜಿನ ಗಾಡಿ ಬರುವ ತನಕ ನಾನು ಕಾರು ಕಾದೆ. ದಾರಿಹೋಕರು ನಿಂತು ನಿಂತು ನೋಡಿದರು. ಎಷ್ಟು ಬೆಲೆ ಸಾರ್, ಎಷ್ಟು ಸ್ಪೀಡು ಹೋಗುತ್ತದೆ ಎಂದು ಕೇಳಿದರು. ಸೆಲ್ಫಿ ತೆಗೆದುಕೊಂಡರು. ನಾನು ಯಾವುದೋ ಲಕ್ಷ, ಯಾವುದೋ ವೇಗ ಹೇಳಿ ಕಳಿಸುತ್ತಿದ್ದೆ. ಅವ್ವ ಹೋದ ಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ಆ ಮಧ್ಯಾಹ್ನ ಕಾರಿಗೆ ಬೆನ್ನು ಕೊಟ್ಟು ಕೂತು ನಾನು ಯಾವ ಯಾವ ದೇವರಿಗೆ ಏನೇನು ಹೇಳಿಕೊಂಡೆನೋ, ಎಲ್ಲ ಹರಕೆಯನ್ನೂ ಇನ್ನೂ ತೀರಿಸಿ ಮುಗಿದಿಲ್ಲ.

ಸ್ಕ್ಯಾನಾಯಿತು, ಸೂಜಿ ಹಾಕಿ ಗಂಟಿನಿಂದ ಚೂರು ತೆಗೆದರು. ರಿಪೋರ್ಟು ಬರುವ ತನಕದ ದಿನಗಳಲ್ಲಿ ಭಾವ ಹೊಲಕ್ಕೆ ಹೋಗಲಿಲ್ಲ. ಅಕ್ಕ ಬಚ್ಚಲಿಗೆ ಹೋದರೆ ಹೊರಗೆ ನಿಂತು ಕೆಮ್ಮುತ್ತಿದ್ದರಂತೆ, ನಾನಿದ್ದೇನೆ ಎಂದು ತಿಳಿಯಲಿ ಅಂತ. ಇರ್ಫಾನ್ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಪಾಪ, ಅವನು ಭಾವ ದುಡ್ಡಿನ ಗಾಬರಿಯಿಂದ ಹೀಗೆ ಮಾಡುತ್ತಿದ್ದಾರೆಂದು ತಿಳಿದು ನನಗೆ ಫೋನು ಮಾಡಿ, ಸಾಹೇಬ್ರಿಗೆ ಹೇಳಿ, ಅರ್ಜೆಂಟೇನಿಲ್ಲ ಎಂದ.

ರಿಪೋರ್ಟಿನ ದಿನ ನಾನೂ ಹೋಗಿದ್ದೆ. ಡಾಕ್ಟರು ಹಾಳೆ ನೋಡಿ ಇಂಗ್ಲಿಷಿನಲ್ಲಿ ಏನೋ ಒಂದು ಉದ್ದನೆಯ ಹೆಸರು ಹೇಳಿದರು. ಭಾವ ಕುರ್ಚಿಯ ತುದಿಗೆ ಸರಿದರು. ಹೆಸರು ಉದ್ದವಿದ್ದಷ್ಟೂ ಕಾಯಿಲೆ ದೊಡ್ಡದು ಎಂದು ನಾನೂ ಅಂದುಕೊಂಡೆ. ಡಾಕ್ಟರಿಗೆ ಅದು ಗೊತ್ತಾಗಿರಬೇಕು, ಹಾಳೆ ಕೆಳಗಿಟ್ಟು, ಇದು ಬರೀ ಗಂಟು, ಕ್ಯಾನ್ಸರ್ ಅಲ್ಲ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಿ ಸಾಕು ಎಂದರು.

"ಆ ಕಾಯ್ಲೆ ಅಲ್ಲ ತಾನೆ?" ಎಂದರು ಭಾವ.

ಅಲ್ಲ ಎಂದರು ಡಾಕ್ಟರು. ಭಾವ ಇನ್ನೊಂದು ಸಲ ಕೇಳಿದರು. ಅವರು ಬೇಸರವಿಲ್ಲದೆ ಇನ್ನೊಂದು ಸಲ ಅಲ್ಲ ಎಂದರು. ಹೊರಗೆ ಬಂದವರೇ ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಟವಲಿನಿಂದ ಮುಖ ಒರೆಸಿದರು, ಕತ್ತು ಒರೆಸಿದರು, ಆಮೇಲೆ ಒರೆಸಲು ಏನೂ ಉಳಿಯದಿದ್ದರೂ ಒರೆಸುತ್ತಲೇ ಇದ್ದರು. ಅಕ್ಕ ಸ್ವಲ್ಪ ಹೊತ್ತು ನೋಡಿ, ನನಗೆ ಹಸಿವಾಗುತ್ತಿದೆ, ಮಸಾಲೆ ದೋಸೆ ಬೇಕು ಎಂದಳು. ಅವಳು ಗಂಡನ ಹತ್ತಿರ ಬಾಯಿ ಬಿಟ್ಟು ಇಂಥದ್ದು ಬೇಕು ಎಂದು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಎರಡು ದೋಸೆ ತಿಂದಳು.

ಕಾರನ್ನು ಹೇಗಿದೆಯೋ ಹಾಗೆ ಮಾರಿಬಿಡಲು ಭಾವ ತೀರ್ಮಾನಿಸಿದ್ದರು. ತಡೆದವಳು ಅಕ್ಕ. ಅಷ್ಟೊಂದು ದುಡ್ಡು ಸುರಿದ ಕಾರಿನಲ್ಲಿ ತಾನು ಕೂತದ್ದು ಒಂದೇ ದಿನ, ಅದೂ ಎದೆಯಲ್ಲಿ ಕಲ್ಲಿಟ್ಟುಕೊಂಡು, ಅರ್ಧ ದಾರಿಗೆ. ಮಾರುವ ಮೊದಲು ಒಂದು ಸಲ ಸರಿಯಾಗಿ ಕೂರಬೇಕು ಎಂದಳು. ಇರ್ಫಾನ್ ಗೇರ್‌ಬಾಕ್ಸಿಗೆ ಕೈ ಹಾಕದೆ ಪೈಪುಗಳನ್ನಷ್ಟೇ ಬದಲಾಯಿಸಿ ಕೊಟ್ಟ. ಒಂದು ಭಾನುವಾರ ಬೆಳಿಗ್ಗೆ ಅವರಿಬ್ಬರೂ ಕುಶಾಲನಗರದ ತನಕ ಹೋಗಿ ಬಂದರು. ಹಿಂದಿನ ಸೀಟು ಖಾಲಿಯಿತ್ತು, ಆದರೆ ನನ್ನನ್ನು ಯಾರೂ ಕರೆಯಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಭಾವ ಹೇಳಿದ್ದಿಷ್ಟು: ತಮ್ಮ ಹೊಲದ ಪಕ್ಕ ಹಾದುಹೋಗುವಾಗ ಕೂಲಿ ಹೆಂಗಸರು ಬೆನ್ನೆತ್ತಿ ನೋಡಿದರಂತೆ. ಅಕ್ಕ ನಿಧಾನ ಎಂದು ಒಂದು ಸಲವೂ ಹೇಳಲಿಲ್ಲವಂತೆ. ನೇರ ರಸ್ತೆ ಸಿಕ್ಕಾಗ, "ಇನ್ನೊಂಚೂರು ಓಡುಸ್ರಿ, ನೋಡಾಣ" ಎಂದಳಂತೆ.

ಮುಂದಿನ ವಾರ ಬೆಂಗಳೂರಿನವನೊಬ್ಬ ಬಂದು ಕೇಳಿದ ಬೆಲೆಗೆ ಭಾವ ಕಾರು ಕೊಟ್ಟರು. ಗೇರ್‌ಬಾಕ್ಸು, ಗಾಳಿಚೀಲ, ಇಲಿ, ಎಲ್ಲವನ್ನೂ ಮೊದಲೇ ಹೇಳಿ ಕೊಟ್ಟರು. ಅಷ್ಟು ಹೇಳಿದ ಮೇಲೂ ಅವನು ತೆಗೆದುಕೊಂಡು ಹೋದ. ಆಸೆ ಹಿಡಿದ ಮನುಷ್ಯನ ಕಿವಿಗೆ ಏನೂ ಕೇಳುವುದಿಲ್ಲ, ನಮಗೂ ಕೇಳಿರಲಿಲ್ಲ. ಕಾರು ತಿರುವಿನಲ್ಲಿ ಮರೆಯಾದಾಗ ಬೇಜಾರಾಯಿತೇ ಎಂದು ಕೇಳಿದೆ. ಭಾವ ಯೋಚಿಸಿ, ಬೇಜಾರಾಗುತ್ತದೆ ಅಂತ ಕಾಯುತ್ತಿದ್ದೇನೆ, ಇನ್ನೂ ಬಂದಿಲ್ಲ ಎಂದರು. ಅವತ್ತು ಮಧ್ಯಾಹ್ನ ಉಂಡು ಮಲಗಿದವರು ಸಂಜೆ ಹಾಲು ಕರೆಯುವ ಹೊತ್ತಿಗೂ ಏಳಲಿಲ್ಲ.

ನಿನ್ನೆ ಮನೆ ತಲುಪಿದವನು ಸಾಮಾನು ಬಿಚ್ಚುವ ಮೊದಲು ಅಕ್ಕನಿಗೆ ಫೋನು ಮಾಡಿದೆ. ಏನೂ ವಿಶೇಷವಿಲ್ಲ, ಸುಮ್ಮನೆ ಮಾಡಿದೆ ಎಂದೆ. ಅಷ್ಟು ಸಾಕಾಯಿತು. ಬೆಳಿಗ್ಗೆಯಿಂದ ಎಡ ಮಂಡಿ ಹಿಡಿದುಕೊಂಡಿದೆ, ಕೆಳಗಿನ ದವಡೆಯ ಹಲ್ಲು ಜುಂ ಅನ್ನುತ್ತಿದೆ, ಸೊಪ್ಪು ವಿಂಗಡಿಸಿ ಬೆರಳು ಬಿರಿದಿವೆ, ಹುಳಿ ತಿಂದರೆ ಎದೆ ಉರಿಯುತ್ತದೆ ಎಂದು ಒಂದೊಂದಾಗಿ ಹೇಳಿಕೊಂಡು ಹೋದಳು. ಈಗ ಅವಳು ಹೀಗೆಯೇ, ಸೊಳ್ಳೆ ಕಚ್ಚಿದರೂ ಮನೆಗೆಲ್ಲ ತಿಳಿಯಬೇಕು. ಹಿಂದಿನಿಂದ ಭಾವನ ದನಿ ಕೇಳಿಸಿತು, ಮಂಡಿಗೆ ಹಚ್ಚುವ ಎಣ್ಣೆ ಎಲ್ಲಿಟ್ಟಿದ್ದೀಯ ಎಂದು ಗೊಣಗುತ್ತಿದ್ದರು. ಊಟಕ್ಕೆ ಬನ್ನಿ ಎಂದು ಹೆಂಡತಿ ಎರಡು ಸಲ ಕರೆದಳು. ಫೋನಿನ ಬಿಸಿಗೆ ಕಿವಿ ಕಾಯುತ್ತಿತ್ತು. ನಾನು ಅದನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಹೂಂ ಅಕ್ಕ, ಆಮೇಲೆ? ಎಂದೆ.