ಇಪ್ಪತ್ತೆರಡು ಪುಸ್ತಕಗಳ ಗುರುವಾರ

ಮಂಗಳವಾರ ಸಂಜೆ ನಾಲ್ಕೂವರೆಗೆ ಸಿಬ್ಬಂದಿ ಅಧಿಕಾರಿ ತರಗತಿಯ ಕೋಣೆಗೆ ಬಂದು ನೋಟ್‌ಪುಸ್ತಕಗಳ ಅಟ್ಟಿಯ ಮೇಲೆ ಕೈ ಇಟ್ಟಾಗ, 'ನಾಳೆ ಟೀಚರ್' ಎಂದೇ ಎಲ್ಲರೂ ಕರೆಯುವ ಆಕೆಗೆ ಮೊದಲು ಅನಿಸಿದ್ದು ಹೆಮ್ಮೆ.

"ಗುರುವಾರ ಹೊರದೇಶದ ಗಿರಾಕಿಗಳು ಬರ್ತಿದ್ದಾರೆ ಮೇಡಂ. ಹೊಲಿಗೆ ಹೆಂಗಸರು ಇಂಗ್ಲಿಷ್ ಬರೀತಾರೆ ಅಂತ ಅವರಿಗೆ ತೋರಿಸ್ಬೇಕು. ನಾನೇ ಒಂದ್ಸಲ ಎಲ್ಲಾ ಓದಿ, ಒಳ್ಳೇದನ್ನ ಆರಿಸ್ತೀನಿ."

ಆತ ಮೇಲಿನ ಪುಸ್ತಕ ತೆರೆದು, 'ನಾಳೆ ನಾನು ತಲೆ ತೊಳೆಯುತ್ತೇನೆ' ಎಂಬ ಇಂಗ್ಲಿಷ್ ವಾಕ್ಯ ಓದಿ ಕಿಸಕ್ಕನೆ ನಕ್ಕ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. "ಆರಕ್ಕೆ ಬರ್ತೀನಿ. ಇಪ್ಪತ್ತೆರಡೂ ಇರ್ಲಿ, ಲೆಕ್ಕ ಇದೆ ನನ್ನ ಹತ್ರ," ಎನ್ನುತ್ತ ಹೊರಟುಹೋದ.

ಆ ಕೋಣೆ ಹೊಲಿಗೆ ಕಾರ್ಖಾನೆಯ ನೆಲಮಹಡಿಯಲ್ಲಿತ್ತು. ಅರ್ಧ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಸೂರು ಮುಟ್ಟುತ್ತಿದ್ದವು, ಉಳಿದರ್ಧದಲ್ಲಿ ಒಂದು ಕರಿಹಲಗೆ, ಆರು ಬೆಂಚು. ಟೀಚರ್ ಅದೇ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪ್ಯಾಕಿಂಗ್ ಮಾಡಿದವಳು. ಪೆಟ್ಟಿಗೆಗಳ ಮೇಲಿನ ಚೀಟಿ ಓದಿ ಅಕ್ಷರ ಕಲಿತಳು. ರಟ್ಟು ಹರಿದ ಹಳೆಯ ವ್ಯಾಕರಣದ ಪುಸ್ತಕವೊಂದನ್ನು ಊಟದ ಬಿಡುವಿನಲ್ಲಿ ಅರೆದು ಕುಡಿದಳು. ಸೊಂಟ ಕೈಕೊಟ್ಟ ಮೇಲೆ ಆಡಳಿತದವರು ಆಕೆಯನ್ನು ಮನೆಗೆ ಕಳಿಸಲಿಲ್ಲ. ಕರುಣೆಯಿಂದ ಅಂದುಕೊಳ್ಳಬೇಡಿ. ಕೆಲಸಗಾರರಿಗೆ ಏನು ಮಾಡುತ್ತೀರಿ ಎಂದು ಗಿರಾಕಿಗಳು ಕೇಳತೊಡಗಿದ್ದರು. ಉತ್ತರವಾಗಿ ತೋರಿಸಲು ಒಂದು ತರಗತಿ ಬೇಕಿತ್ತು, ಒಬ್ಬ ಟೀಚರ್ ಬೇಕಿತ್ತು.

ನಾಳೆ ಟೀಚರ್ ಎಂಬ ಹೆಸರು ಬಿದ್ದದ್ದು ಆಕೆಯ ಪಾಠದಿಂದ. "ನಾವು ನಾಳೆ ಬರ್ತೀನಿ ಅಂದ್ರೆ ಮುಗೀತು," ಎನ್ನುತ್ತಿದ್ದಳು. "ಇಂಗ್ಲಿಷಿನವನಿಗೆ ಅಷ್ಟು ಸಾಲದು. ಕೂತಲ್ಲೇ ಈಗ ಹೊಳೆದಿದ್ದಕ್ಕೆ ವಿಲ್. ಮೊದಲೇ ಮನಸ್ಸಲ್ಲಿ ಗಟ್ಟಿ ಮಾಡ್ಕೊಂಡಿದ್ದಕ್ಕೆ ಗೋಯಿಂಗ್ ಟು. ಇನ್ನೊಬ್ಬರ ಜೊತೆ ಮಾತಾಗಿ ಹೊತ್ತು ಗೊತ್ತಾಗಿದ್ರೆ ಐ ಆಮ್ ಮೀಟಿಂಗ್. ನೀವು ಇರಿ, ಸಾಯಿರಿ, ಗಡಿಯಾರದ ಪ್ರಕಾರ ನಡೆಯೋದಕ್ಕೆ ದಿ ಬಸ್ ಲೀವ್ಸ್ ಅಟ್ ಸಿಕ್ಸ್." ದಿನವೂ ಮೊದಲ ಕಾಲು ಗಂಟೆ ಪ್ರತಿಯೊಬ್ಬಳೂ ಮುಂದೆ ಮಾಡುವ ಕೆಲಸದ ಬಗ್ಗೆ ನಾಲ್ಕು ಸಾಲು ಬರೆಯಬೇಕು. ಪುಟದ ಕೆಳಗಿನ ಅರ್ಧ ಖಾಲಿ ಬಿಡಬೇಕು, ಮರುದಿನ ತಿದ್ದಿದ ಪ್ರತಿ ಬರೆಯಲು. ಆಕೆಯ ಕಟ್ಟಪ್ಪಣೆ ಒಂದೇ: "ನಿಜ ಬರೀರಿ. ಸುಳ್ಳು ವಾಕ್ಯಕ್ಕೆ ನನ್ನ ಹತ್ರ ಸರಿ ಗುರುತಿಲ್ಲ."

ಅಧಿಕಾರಿಯ ಹೆಜ್ಜೆ ಸದ್ದು ಅಡಗಿದ ಮೇಲೆ ಆಕೆ ಅಂದವಾದ ಬರಹಗಳನ್ನು ಮೇಲಿಡಲು ಕೂತಳು. ಮೇಲಿನ ಮಹಡಿಯಲ್ಲಿ ಕಾಲರ್ ಹೊಲಿಯುವ ತನ್ನ ನಾದಿನಿಯ ಪುಸ್ತಕ ತೆರೆದಳು. ಸೋಮವಾರದ ಪುಟ, ಮೂರನೆಯ ಸಾಲು. ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಗುರುವಾರ ಗಿರಾಕಿಗಳು ಬಂದಾಗ ನಾವು ಮೆಷಿನ್ ನಿಲ್ಲಿಸಿ, ಬೀಗ ಹಾಕಿದ ಬಾಗಿಲನ್ನು ಅವರಿಗೆ ತೋರಿಸುವವರಿದ್ದೇವೆ.

ಅದರ ಪಕ್ಕದಲ್ಲೇ ಆಕೆಯದೇ ಕೆಂಪು ಶಾಯಿ. ಬಿಟ್ಟುಹೋಗಿದ್ದ ಒಂದು ಅಕ್ಷರ ಸೇರಿಸಿದ್ದಳು. ಸರಿ ಗುರುತು, ವೆರಿ ಗುಡ್, ಕೆಳಗೆ ಸಹಿ.

ಉಳಿದ ಪುಸ್ತಕಗಳನ್ನು ಸರಸರನೆ ತಿರುವಿದಳು. ಒಟ್ಟು ಐದರಲ್ಲಿ ಅದೇ ಸಾಲು. ಐದಕ್ಕೂ ವೆರಿ ಗುಡ್.

ಆ ಬಾಗಿಲು ಎರಡನೇ ಮಹಡಿಯ ಹಿಂಬದಿಯದು. ತಲೆಯ ಮೇಲೆ ಎಕ್ಸಿಟ್ ಎಂಬ ಹಸಿರು ದೀಪ, ಹೊಟ್ಟೆಯ ಮೇಲೆ ಮುಷ್ಟಿ ಗಾತ್ರದ ಬೀಗ. ಹೆಂಗಸರು ಬಟ್ಟೆ ಕದ್ದು ಅಲ್ಲಿಂದ ಇಳಿದಾರು ಎಂಬ ಅನುಮಾನಕ್ಕೆ ಹಾಕಿದ್ದು. ನೂರಿಪ್ಪತ್ತು ಜೀವಗಳಿಗಿಂತ ನಾಲ್ಕು ಅಂಗಿ ದೊಡ್ಡವು ಎಂದು ಲೆಕ್ಕ ಹಾಕಿದ ತಲೆ ಯಾವುದೋ, ಅದಕ್ಕೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಹೋದ ತಿಂಗಳು ಇಸ್ತ್ರಿ ಮೇಜಿನ ತಂತಿ ಸುಟ್ಟು ಮಹಡಿ ತುಂಬ ಹೊಗೆ ತುಂಬಿದಾಗ, ಕಾವಲುಗಾರ ಗೇಟಿನಿಂದ ಬೀಗದ ಕೈ ತರುವವರೆಗೆ ಹೆಂಗಸರು ಆ ಬಾಗಿಲನ್ನು ಗುದ್ದಿದ್ದರು. ಅಂದು ನಾದಿನಿಯ ಊದಿದ ಅಂಗೈಗೆ ಮುಲಾಮು ಹಚ್ಚಿದವಳು ಟೀಚರೇ. ಆದರೂ ಆ ಸಾಲು ತಿದ್ದುವಾಗ ಆಕೆಗೆ ಕಂಡದ್ದು ಬಿಟ್ಟುಹೋದ ಅಕ್ಷರ ಮಾತ್ರ.

ಈ ಸಾಲು ಅಧಿಕಾರಿಯ ಕಣ್ಣಿಗೆ ಬಿದ್ದರೆ ಐದೂ ಜನ ನಾಳೆ ಬೆಳಿಗ್ಗೆ ಗೇಟಿನ ಹೊರಗೆ. ಪುಟ ಹರಿಯೋಣವೆಂದರೆ, ಯಾರೂ ಹರಿಯಬಾರದೆಂದು ಪ್ರತಿ ಪುಟಕ್ಕೂ ಸಂಖ್ಯೆ ಹಾಕಿದವಳು ತಾನೇ.

ಐದಕ್ಕೆ ಸೈರನ್ ಕೂಗಿತು. ಹೆಂಗಸರು ಮೈಮೇಲಿನ ನೂಲು ಕೊಡವಿಕೊಳ್ಳುತ್ತ ಒಳಬಂದರು.

"ಅತ್ತಿಗೆ, ಯಾಕೆ ಮುಖ ಹೀಗೆ ಸುಣ್ಣ ಬಳಿದ ಹಾಗಿದೆ?" ಎಂದಳು ನಾದಿನಿ.

"ಇಲ್ಲಿ ಅತ್ತಿಗೆ ಅಲ್ಲ. ಮೊದಲು ಬಾಗಿಲು ಹಾಕು." ಟೀಚರ್ ಪುಸ್ತಕ ಎತ್ತಿ ಹಿಡಿದಳು. "ಆರು ಗಂಟೆಗೆ ಸಾಹೇಬರು ಇದನ್ನ ಓದ್ತಾರೆ. ಏನೇ ಇದು?"

"ನೀವೇ ತಾನೆ ನಿಜ ಬರೀರಿ ಅಂದಿದ್ದು? ವೆರಿ ಗುಡ್ ಬೇರೆ ಹಾಕಿದ್ದೀರ. ಟೀಚರ್ ನಮ್ಮ ಕಡೆ ಅಂತ ನಾವು ಐದು ಜನ ಎಷ್ಟು ಖುಷಿಪಟ್ವಿ ಗೊತ್ತಾ?"

ಟೀಚರ್ ಬೆಂಚಿನ ಅಂಚು ಹಿಡಿದುಕೊಂಡಳು. "ನಾನು ಓದಿರ್ಲಿಲ್ಲ ಕಣೇ. ತಿದ್ದಿದ್ದೆ ಅಷ್ಟೆ."

ನೂಲು ಕತ್ತರಿಸುವ ಹುಡುಗಿಗೆ ವಟವಟ ಎಂದೇ ಹೆಸರು. ಮೊದಲು ಬಾಯಿ ತೆರೆದವಳು ಅವಳೇ. "ಇಲಿ ತಿಂತು ಅನ್ನಿ ಟೀಚರ್."

"ಇಪ್ಪತ್ತೆರಡರಲ್ಲಿ ಐದೇ ಆರಿಸಿ ತಿನ್ನೋ ಇಲಿ ಯಾವುದೇ?"

"ನಿಮ್ಮ ಹತ್ರ ಪಾಠ ಕಲಿತ ಇಲಿ."

ನಗು ಬಂತು, ಬಂದಷ್ಟೇ ಬೇಗ ಹೋಯಿತು. ಗೋಡೆ ಗಡಿಯಾರದಲ್ಲಿ ಐದು ಹದಿನೈದು. ಟೀಚರ್ ಸೀಮೆಸುಣ್ಣ ತೆಗೆದುಕೊಂಡು ಆ ಸಾಲನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದಳು.

"ಉಳಿದ ಹದಿನೇಳು ಜನ ಬರ್ಕೊಳ್ಳಿ. ನಿನ್ನೆಯ ಪುಟ, ಕೆಳಗಿನ ಖಾಲಿ ಜಾಗ. ಇದು ನಾನು ಹೇಳಿ ಬರೆಸಿದ ವಾಕ್ಯ. ಯಾರು ಕೇಳಿದ್ರೂ ಟೀಚರ್ ಹೇಳಿದ್ರು, ಬರೆದ್ವಿ ಅನ್ನಿ. ಏನಾದ್ರೂ ಆದ್ರೆ ನನಗೆ ಆಗ್ಲಿ."

ಐದಾರು ಪೆನ್ನುಗಳು ಮೇಲೆದ್ದವು. ಕೊನೆಯ ಬೆಂಚಿನಿಂದ ಇಸ್ತ್ರಿಯವಳು ಕೇಳಿದಳು. ವರ್ಷಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅಂಥವಳು. "ಟೀಚರ್, ಸುಳ್ಳು ವಾಕ್ಯ ಬರೀಬಾರ್ದು ಅಂತ ನೀವೇ ಹೇಳಿದ್ದು. ಮೆಷಿನ್ ನಿಲ್ಲಿಸ್ತೀವಿ ಅಂದೋರು ಆ ಐದು ಜನ. ನಾವಲ್ಲ."

ಎತ್ತಿದ ಪೆನ್ನುಗಳು ಹಾಗೆಯೇ ನಿಂತವು. ಇವತ್ತೊಂದು ದಿನ ಸುಳ್ಳು ಬರೆಯಿರಿ ಅನ್ನಬಹುದಿತ್ತು. ನಾಲ್ಕು ವರ್ಷ ಕಟ್ಟಿದ್ದನ್ನು ಹಾಗೆ ಕೆಡವಲು ನಾಲಿಗೆ ಏಳಲಿಲ್ಲ. ಒತ್ತಾಯ ಮಾಡಿದರೆ ತನಗೂ ಆ ಸಾಹೇಬನಿಗೂ ಏನು ವ್ಯತ್ಯಾಸ?

"ಸರಿ," ಎಂದಳು ಕೊನೆಗೆ. "ಯಾರಿಗೆ ಇದು ನಿಜವೋ ಅವರು ಬರೀರಿ. ಅಲ್ಲ ಅನ್ನೋರು ಖಾಲಿ ಬಿಡಿ. ನಾನು ಕೋಪ ಮಾಡ್ಕೊಳ್ಳಲ್ಲ."

ನಾದಿನಿ ತಲೆ ತಗ್ಗಿಸಿ ಉಗುರು ಕಚ್ಚುತ್ತಿದ್ದಳು. ಅರ್ಧದಷ್ಟು ಪುಸ್ತಕಗಳಲ್ಲಿ ಆ ಜಾಗ ಖಾಲಿ ಉಳಿದರೂ ಸಾಕು, ಐವರು ಎದ್ದು ಕಾಣುತ್ತಾರೆ.

"ಅವತ್ತು ಹೊಗೆ ಎದ್ದಿದ್ದು ನನ್ನ ಮೇಜಿಂದ," ಎಂದಳು ಇಸ್ತ್ರಿಯವಳು, ಯಾರಿಗೂ ಅಲ್ಲ ಎಂಬಂತೆ. "ಬಾಗಿಲ ಹತ್ರ ಮೊದಲು ಓಡಿದೋಳೂ ನಾನೇ. ಹಿಂದಿದ್ದೋರೆಲ್ಲ ಬಂದು ನನ್ನ ಬೆನ್ನಿಗೆ ಒತ್ತಿದ್ರು. ಮುಂದೆ ಬಾಗಿಲು, ಹಿಂದೆ ಜನ. ಮನೇಲಿ ಎರಡು ಮಕ್ಕಳು." ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದಳು. "ಗೋಯಿಂಗ್ ಆದ್ಮೇಲೆ ಟು ಬಿಡಿಬಿಡಿಯಾಗಿ ಬರೀಬೇಕಲ್ವಾ ಟೀಚರ್?"

"ಹೌದಮ್ಮ. ಬಿಡಿಯಾಗಿ."

ಆಮೇಲೆ ಕೇಳಿದ್ದು ಕಾಗದದ ಮೇಲೆ ಪೆನ್ನು ಕೆರೆಯುವ ಸದ್ದು ಮಾತ್ರ. ಹದಿನೇಳೂ ಪುಸ್ತಕಗಳು ಮೇಜಿಗೆ ಬಂದವು. ಟೀಚರ್ ಒಂದೊಂದನ್ನೇ ತೆರೆದು, ಈ ಸಲ ಪ್ರತಿ ಪದ ಓದಿ, ಆಮೇಲೆ ಸರಿ ಗುರುತು ಹಾಕಿದಳು. ಪ್ರತಿಯೊಂದರ ಕೆಳಗೂ ಸಹಿ ಮಾಡಿದಳು.

ಆರಕ್ಕೆ ಸರಿಯಾಗಿ ಅಧಿಕಾರಿ ಬಂದ. ಒಂದು ತೆರೆದ, ಮುಗುಳ್ನಕ್ಕ. ಎರಡನೆಯದು ತೆರೆದ, ನಗು ಹೋಯಿತು. ಐದಾರು ನೋಡಿದ ಮೇಲೆ ಉಳಿದವನ್ನು ಮೇಜಿಗೆ ಕುಕ್ಕಿದ.

"ಯಾರ ವಾಕ್ಯ ಇದು?"

"ನನ್ನದು ಸರ್. ಕೆಳಗೆ ಸಹಿ ಇದೆ ನೋಡಿ."

"ಬಾಗಿಲು ತೆಗೆಸ್ತೀವಿ ಅಂತ ಹೇಳಿದ್ದೀವಲ್ರೀ!"

"ಎರಡು ವರ್ಷದಿಂದ ಹೇಳ್ತಾನೇ ಇದ್ದೀರಿ."

"ನಾಳೆಯಿಂದ ನೀವು ಈ ಗೇಟಿನೊಳಗೆ ಕಾಲಿಡಬಾರ್ದು." ಆತ ಬೆಂಚುಗಳ ಕಡೆ ತಿರುಗಿದ. "ಇವರನ್ನೂ..."

"ಇವರನ್ನೂ ಕಳಿಸಿ ಸರ್," ಎಂದಳು ಟೀಚರ್. ದನಿ ಏರಿಸಲಿಲ್ಲ. "ಇಪ್ಪತ್ತೆರಡು ಜನಾನೂ ಕಳಿಸಿ. ಗುರುವಾರ ಗಿರಾಕಿಗಳು ಬಂದಾಗ ಖಾಲಿ ಮೆಷಿನ್ ಮುಂದೆ ನೀವೇ ಕೂತ್ಕೊಳ್ಳಿ. ಕಾಲರ್ ಹೇಗೆ ಕೂರಿಸೋದು ಅಂತ ನನ್ನ ನಾದಿನಿ ಹೇಳಿಕೊಡ್ತಾಳೆ."

ವಟವಟ ಬಾಯಿಗೆ ಸೆರಗು ಒತ್ತಿಕೊಂಡಳು. ಅಧಿಕಾರಿ ಒಂದು ಕ್ಷಣ ನಿಂತು, ಮನಸ್ಸಿನಲ್ಲೇ ಏನೋ ಕೂಡಿ ಕಳೆದು, ಬಾಗಿಲು ದಡಾರನೆ ಎಳೆದುಕೊಂಡು ಹೋದ.

ಬುಧವಾರ ನಾದಿನಿ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಬೀಗ ತೆಗೆದಿದ್ದಾರೆ ಅತ್ತಿಗೆ. ಬಾಗಿಲಿಗೆ ಬಣ್ಣ ಬೇರೆ."

"ಮತ್ತೇನೇ, ಗೆದ್ರಲ್ಲ."

"ಗೆದ್ದಿದ್ದು ಗಿರಾಕಿಗಳು ಹೋಗೋವರೆಗೆ. ಶುಕ್ರವಾರ ಮತ್ತೆ ಜಡೀತಾರೆ. ಬೀಗ ಎಸೆದಿಲ್ಲ, ಪಕ್ಕದ ಮೊಳೆಗೆ ನೇತುಹಾಕಿದ್ದಾರೆ."

"ಇನ್ನೇನು ತೋರಿಸ್ತೀರಿ ಅವರಿಗೆ?"

ನಾದಿನಿ ಚಪ್ಪಲಿ ಬಿಟ್ಟು ಕೈಕಾಲು ತೊಳೆಯಲು ಹೋದಳು.

ಗುರುವಾರ ಹತ್ತಕ್ಕೆ ಟೀಚರ್ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಬಸ್ ಕಾಯುವವಳಂತೆ ನಿಂತಿದ್ದಳು. ಆ ಬೀದಿಗೆ ಬಸ್ ಬರುವುದೇ ಇಲ್ಲ. ಮೇಲಿಂದ ಮೆಷಿನ್‌ಗಳ ಗುಂಯ್‌ಗುಟ್ಟುವಿಕೆ ಎಂದಿನಂತೆ ಇತ್ತು. ಹತ್ತೂಕಾಲಾಯಿತು. ಹತ್ತೂವರೆಯಾಯಿತು. ಹೆದರಿದರೇನೋ, ಹೆದರಿಸಿದರೇನೋ.

ಆಗ ಸದ್ದು ತೆಳುವಾಯಿತು. ಒಂದೊಂದಾಗಿ ಮೆಷಿನ್‌ಗಳು ನಿಂತವು. ಎಲ್ಲೋ ಒಂದು ಮಾತ್ರ ನಾಲ್ಕು ಹೊಲಿಗೆ ಮುಂದೆ ಹೋಗಿ, ಅದೂ ನಿಂತಿತು. ಎರಡನೇ ಮಹಡಿಯ ಹೊಸ ಬಣ್ಣದ ಬಾಗಿಲು ಕಿರುಗುಟ್ಟಿ ತೆರೆಯಿತು.

ಮೊದಲು ಬಂದವಳು ಇಸ್ತ್ರಿಯವಳು. ಹೊಗೆ ಎದ್ದ ಆ ಒಂದು ದಿನ ಬಿಟ್ಟರೆ ವರ್ಷಗಳಿಂದ ಯಾರೂ ಕಾಲಿಡದ ಕಬ್ಬಿಣದ ಮೆಟ್ಟಿಲು. ಪಾರಿವಾಳದ ಹಿಕ್ಕೆ, ತುಕ್ಕು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಅವಳ ಹಿಂದೆ ನಾದಿನಿ. ಅವಳ ಹಿಂದೆ ವಟವಟ, ಆ ಮುಷ್ಟಿ ಗಾತ್ರದ ಬೀಗವನ್ನು ಕೂಸಿನಂತೆ ಎದೆಗೆ ಅವುಚಿಕೊಂಡು. ಮೇಲೆ ಬಾಗಿಲಲ್ಲಿ ಕೋಟು ಹಾಕಿದ ಇಬ್ಬರು ಗಿರಾಕಿಗಳು ನಿಂತು ನೋಡುತ್ತಿದ್ದರು, ಪಕ್ಕದಲ್ಲಿ ಅಧಿಕಾರಿ ಕೈಯಾಡಿಸಿ ಏನೋ ವಿವರಿಸುತ್ತಿದ್ದ.

ಟೀಚರ್ ಎಣಿಸತೊಡಗಿದಳು. ಹತ್ತು. ಹದಿನೈದು. ಇಪ್ಪತ್ತು. ಇಪ್ಪತ್ತೆರಡು.

ಮೆಟ್ಟಿಲ ಸದ್ದು ನಿಲ್ಲಲಿಲ್ಲ. ಇಪ್ಪತ್ತಮೂರನೆಯವಳು ಯಾರೆಂದು ಆಕೆಗೆ ಗೊತ್ತೇ ಇರಲಿಲ್ಲ. ಒಂದು ದಿನವೂ ತರಗತಿಗೆ ಬಂದವಳಲ್ಲ.