ನಾವು ಬಾಗಿಲು ತಟ್ಟದ ಮನೆಗಳು

ಅದು 2002ನೇ ಇಸವಿ. ಬಿ.ಎಸ್ಸಿ. ಮುಗಿಸಿ ಚಳ್ಳಕೆರೆಯ ಮನೆಯಲ್ಲಿದ್ದ ನನಗೆ, ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರ ನಡೆಸಲಿದ್ದ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತು. ಶಿಬಿರಕ್ಕೆ ಮೊದಲು ಸಮೀಕ್ಷೆ. ಪ್ರತಿ ಊರಿನಲ್ಲೂ ಚೀಟಿ ಎತ್ತಿ, ಊರು ಚಿಕ್ಕದಿರಲಿ ದೊಡ್ಡದಿರಲಿ ಒಂದೇ ಸಂಖ್ಯೆಯ ಮನೆಗಳನ್ನು ಆರಿಸಿ, ವಯಸ್ಸಾದವರ ಕಣ್ಣು ನೋಡುತ್ತಿದ್ದೆವು. ಕುರಿಗಾರರ ಪುಟ್ಟ ಹಟ್ಟಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳೂ ಮುಗಿಯುತ್ತಿದ್ದವು. ರಾಂಪುರ, ಬಿ.ಜಿ. ಕೆರೆಯಂಥ ದೊಡ್ಡ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆ, ಅಷ್ಟೆ.

ಪೊರೆಯಿಂದ ಕಣ್ಣು ಕಾಣದವರು ಸಿಕ್ಕಿದ್ದು ಕೆಲವೇ ಮಂದಿ. "ಹೆಚ್ಚೆಂದ್ರೆ ಇದರ ಎರಡರಷ್ಟು ಬರಬಹುದು. ಒಂದು ದಿನದ ಕ್ಯಾಂಪ್ ಸಾಕು" ಎಂದರು ಶಿಬಿರದ ಡಾಕ್ಟರು.

ಸಮೀಕ್ಷೆ ನೋಡಿಕೊಳ್ಳುತ್ತಿದ್ದ ಶಾರದಾ ಮೇಡಂ ಒಪ್ಪಲಿಲ್ಲ. ಒಬ್ಬೊಬ್ಬರಿಗೆ ಒಂದು ಸಾಲಿನಂತೆ ಸಮೀಕ್ಷೆ ತುಂಬಿದ್ದ ಕಂಪ್ಯೂಟರ್ ಮುಂದೆ ನನ್ನನ್ನು ಕೂರಿಸಿ, "ಒಂದೊಂದು ಸಾಲಿನ ಪಕ್ಕಕ್ಕೂ ಆ ಊರಿನ ಒಟ್ಟು ಮನೆ ಎಷ್ಟು ಅಂತ ಹಾಕಮ್ಮ. ಜನಗಣತಿ ಲೆಕ್ಕ ಐತಲ್ಲ. ಅದಿಲ್ದಿದ್ರೆ ಈ ಮಿಷನ್ನಿಗೆ ಹಟ್ಟಿನೂ ಒಂದೇ, ರಾಂಪುರನೂ ಒಂದೇ" ಎಂದರು.

ಹಾಕುತ್ತ ಹೋದೆ. ರಾಂಪುರದ ಒಬ್ಬ ಅಜ್ಜಿಯ ಸಾಲು ಬಂದಾಗ ಕೈ ನಿಂತಿತು. ನನ್ನ ಮುಖ ಸವರಿ, "ಯಾರ ಮಗಳವ್ವ ನೀನು?" ಎಂದು ಕೇಳಿದ್ದ ಅಜ್ಜಿ.

"ಅವ್ರೀಗ ಒಬ್ರಲ್ಲ" ಎಂದರು ಮೇಡಂ. "ನಾವು ಹೋಗದಿರೋ ಮನೆಗಳೋರ ಪರವಾಗೂ ಕೂತವ್ರೆ."

ಕೊನೆಗೆ ತೆರೆಯ ಮೇಲೆ ಬಂದ ಸಂಖ್ಯೆ ಡಾಕ್ಟರು ಅಂದುಕೊಂಡಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಅದನ್ನು ನೋಡಿ ಡಾಕ್ಟರು, "ಇಷ್ಟು ಜನ ಎಲ್ಲಿದ್ದಾರೆ ಮೇಡಂ?" ಎಂದು ಕೇಳಿಯೇಬಿಟ್ಟರು.

"ಊರಲ್ಲೇ ಅವ್ರೆ ಸಾರ್. ನಾವು ಬಾಗಿಲು ತಟ್ಟಿಲ್ಲ, ಅಷ್ಟೆ."

ಡಾಕ್ಟರು ಒಂದು ವಾರದ ಶಿಬಿರಕ್ಕೆ ಒಪ್ಪಿಕೊಂಡರು. ಬೇರೆ ಡಾಕ್ಟರುಗಳನ್ನೂ ಕರೆಸಿ, ಆ ಸಂಖ್ಯೆಗೆ ತಕ್ಕಷ್ಟು ಮಂಚ ಹಾಕಿಸಿದರು. ಇಷ್ಟೆಲ್ಲ ಮಾಡಿ ಯಾರೂ ಬರದಿದ್ದರೆ ಎಂಬ ಭಯ ನನಗಿತ್ತು.

ಬಂದರು. ಟೆಂಪೋದಲ್ಲಿ, ಎತ್ತಿನ ಗಾಡಿಯಲ್ಲಿ, ಸೊಸೆಯ ಭುಜ ಹಿಡಿದುಕೊಂಡು, ಕೋಲೂರಿಕೊಂಡು ಬರುತ್ತಲೇ ಇದ್ದರು. ವಾರ ಮುಗಿಯುವಷ್ಟರಲ್ಲಿ ಬಂದವರ ಸಂಖ್ಯೆ ತೆರೆಯ ಮೇಲೆ ಕಂಡಿದ್ದರ ಹತ್ತಿರಕ್ಕೇ ಬಂದಿತ್ತು. ಜಾಗವಿಲ್ಲವೆಂದು ಒಬ್ಬರನ್ನೂ ವಾಪಸ್ ಕಳಿಸಬೇಕಾಗಲಿಲ್ಲ.

ಕೊನೆಯ ದಿನ, ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡ ಬಿ.ಜಿ. ಕೆರೆಯ ತಾತನೊಬ್ಬರು ನನ್ನನ್ನೇ ದಿಟ್ಟಿಸಿ ನೋಡಿದರು. "ನಮ್ಮ ಬೀದಿಗೆ ನೀವ್ಯಾರೂ ಬಂದೇ ಇರ್ಲಿಲ್ಲ ತಾಯಿ. ನಂಗೆ ಕಣ್ಣು ಕಾಣಲ್ಲ ಅಂತ ಹೆಂಗ್ ಗೊತ್ತಾತು? ನಂಗೂ ಒಂದು ಮಂಚ ಹಾಕಿಟ್ಟಿದ್ರಲ್ಲ."

ಅವರ ಹೆಸರು ನಮಗೆ ಗೊತ್ತಿರಲಿಲ್ಲ, ಮುಖ ಗೊತ್ತಿರಲಿಲ್ಲ. ಆದರೆ ಅವರು ಇದ್ದಾರೆಂದು ಗೊತ್ತಿತ್ತು.