ಬೀಸುವ ಕಲ್ಲಿನ ಮುಂದೆ ಇಬ್ಬರು

ಎರಡು ಸಾವಿರದ ಇಸವಿ ಇನ್ನೇನು ಬಂತು ಎನ್ನುವ ಹೊತ್ತಿನಲ್ಲಿ ನನ್ನ ಮದುವೆ ಗೊತ್ತಾಯಿತು. ಲೋಕ ಮುಳುಗುತ್ತದೆ ಎಂದು ಟೀವಿಯವರು, ಚಹಾದಂಗಡಿಯವರು, ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲರೂ ಹೇಳುತ್ತಿದ್ದ ಕಾಲ ಅದು. "ಮುಳುಗೂದರೊಳಗ ಇಕಿದೊಂದು ಲಗ್ನ ಆಗಿಬಿಡ್ಲಿ" ಎಂದು ಅಪ್ಪ ನಗುತ್ತಿದ್ದ. ಆದರೆ ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ನೇಕಾರರ ಓಣಿಯಲ್ಲಿ ಆ ಮಾತನ್ನು ನಗದೆ ಆಡುವವಳು ಒಬ್ಬಳಿದ್ದಳು, ನಮ್ಮ ಮನೆಗೆ ಗೋಡೆ ಹತ್ತಿದ ಮನೆಯ ದೊಡ್ಡವ್ವ.

ರಕ್ತಸಂಬಂಧವೇನಲ್ಲ. ಅವ್ವ ಅವಳನ್ನು ಅಕ್ಕ ಎನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡವ್ವ. ಒಮ್ಮೆ ಗಂಗಾವತಿ ಕಡೆ ತಂಗಿಯ ಊರಿಗೆ ಭತ್ತದ ನಾಟಿಗೆಂದು ಹೋದವಳು ಅಲ್ಲಿ ಯೇಸುವಿನ ಸಭೆ ಸೇರಿ, ಕಾಲುವೆಯ ನೀರಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದಳು. ಕುಂಕುಮ ಬಿಟ್ಟಳು, ಎಲೆಅಡಿಕೆ ಬಿಟ್ಟಳು, ಬೀಸುವಾಗ ಹಾಡುತ್ತಿದ್ದ ಹಾಡುಗಳನ್ನೂ ಬಿಟ್ಟಳು. ನಮ್ಮವ್ವನನ್ನು ಮಾತ್ರ ಬಿಡಲಿಲ್ಲ.

ಮಧ್ಯಾಹ್ನ ಮಗ್ಗಗಳ ಸದ್ದು ತುಸು ತಗ್ಗಿದಾಗ ಅವರಿಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಆಗ ದೊಡ್ಡವ್ವ ಕಡೇ ದಿನದ ಸುದ್ದಿ ತೆಗೆಯುತ್ತಿದ್ದಳು.

"ತುತ್ತೂರಿ ಊದ್ತಾರವಾ. ಮೊದಲ ಮಣ್ಣಾಗ ಮಲಗಿದವರು ಏಳ್ತಾರ. ಆಮ್ಯಾಲೆ ನಾವು, ನಂಬಿದವರು, ಹೆಂಗದೀವಿ ಹಂಗ ಮೋಡದಾಗ ಹೋಗಿಬಿಡ್ತೀವಿ."

"ಚಪ್ಪಲಿ ಮೆಟ್ಟಿಕೊಂಡ ಹೋಗ್ತಿಯೇನ ದೊಡ್ಡವ್ವ?" ಎಂದು ನಾನು ಕೆಣಕುತ್ತಿದ್ದೆ.

"ದೇವರ ಮುಂದ ಯಾರರ ಚಪ್ಪಲಿ ಮೆಟ್ಟಿ ಹೋಗ್ತಾರೇನ? ಬಾಗಲದಾಗ ಬಿಟ್ಟ ಹೋಗೂದು."

"ಮತ್ತ ಹಂಚಿನ ಮ್ಯಾಲಿನ ರೊಟ್ಟಿ?" ಇದು ಅವ್ವ.

"ಅದು ಹೊತ್ತಿ ಹೋಗತೈತಿ."

"ಹೊತ್ತೂದು ಯಾಕ, ನಾ ಬಂದು ತಿರುವಿ ಹಾಕ್ತೀನಿ ತಗೊ. ನಿನ್ನ ಗಂಡ ಉಣಬೇಕಲ್ಲ ಪಾಪ."

ಅಷ್ಟರಲ್ಲಿ ರೈಲ್ವೆ ಗೇಟಿನ ಕಡೆಯಿಂದ ಗಾಡಿ ಕೂಗಿದರೆ ದೊಡ್ಡವ್ವನ ಕೈ ಮೊರದ ಮೇಲೇ ನಿಲ್ಲುತ್ತಿತ್ತು. ಆಕಾಶ ನೋಡಿ, "ಗೂಡ್ಸ್ ಗಾಡಿ" ಎಂದು ತಾನೇ ಹೇಳಿಕೊಂಡು ಮತ್ತೆ ಕಲ್ಲು ಆರಿಸುತ್ತಿದ್ದಳು.

ನಗುತ್ತಲೇ ಕೇಳಿದ ಆ ಮಾತುಗಳು ನನ್ನೊಳಗೆ ಯಾವಾಗ ಇಳಿದವೋ ಗೊತ್ತಿಲ್ಲ. ಆ ಚಳಿಗಾಲದ ಮೋಡಗಳು ಹಿಂಜಿದ ಅರಳೆಯಂತೆ ತೆಳ್ಳಗಿದ್ದವು. ಓಣಿಯ ಹಗ್ಗದ ಮೇಲೆ ಒಣಹಾಕಿದ ಸೀರೆಗಳು ಗಾಳಿಗೆ ಉಬ್ಬಿದರೆ, ಅವುಗಳೊಳಗಿದ್ದವರು ಈಗಷ್ಟೇ ಎದ್ದು ಹೋದರೇನೋ ಎನಿಸುವುದು. ದೊಡ್ಡವ್ವ ಮೇಲೇರುವುದನ್ನು ನಾನು ಹಗಲಿನಲ್ಲೇ ಕಾಣುತ್ತಿದ್ದೆ. ಕೊಪ್ಪಳದ ಕೋಟೆಗುಡ್ಡ ಅವಳ ಕಾಲ ಕೆಳಗೆ ಅಡಿಕೆಯಷ್ಟಾಗಿ, ಕಿನ್ನಾಳದಲ್ಲಿ ಮರದ ಗಿಳಿಗೆ ಬಣ್ಣ ಬಳಿಯುತ್ತಿದ್ದವರು ಕುಂಚ ಹಿಡಿದೇ ತಲೆ ಎತ್ತಿ, ಗಂಗಾವತಿಯ ಕಾಲುವೆಗಳು ಗದ್ದೆಗಳ ನಡುವೆ ಜರಿಯ ಎಳೆಗಳಾಗಿ ಮಿನುಗಿ... ಅವಳು ಮಾತ್ರ ಸೆರಗು ಬಿಗಿಯಾಗಿ ಹೊದ್ದು, ಯಾರಿಗೂ ಕಾಲು ತಾಗದಂತೆ, ಬಸ್ಸಿನಲ್ಲಿ ಹೋಗುವವಳ ಹಾಗೆ ಹೋಗುತ್ತಿದ್ದಳು. ಮುಂದೆ ನಾನು ಕುಷ್ಟಗಿಯ ಸೊಸೆಯಾಗಿ ಹೋಗುವವಳು. ಹೋಗುವುದೆಂದರೆ ಹೀಗೆಯೇ ಇರಬೇಕು ಎಂದುಕೊಂಡಿದ್ದೆ.

ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು. ಬೀಸುವ ಕಲ್ಲು ಮದುವೆಗೆ ಮಾತ್ರ ಹೊರಬರುವುದು. ಮದುಮಗಳ ಅರಿಷಿಣವನ್ನು ಮನೆಯಲ್ಲೇ, ಕಲ್ಲಿನಲ್ಲೇ, ಇಬ್ಬರು ಮುತ್ತೈದೆಯರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸಬೇಕು. ನಮ್ಮ ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಮೊದಲು ಕೂಡುವವರು ಅವ್ವ ಮತ್ತು ದೊಡ್ಡವ್ವ. ದೊಡ್ಡವ್ವ ಕುಂಕುಮ ಬಿಟ್ಟ ಮೇಲೆ ಒಬ್ಬಿಬ್ಬರು ಗೊಣಗಿದ್ದರು. "ಗಂಡ ಅಲ್ಲೆ ಕಟ್ಟಿ ಮ್ಯಾಲ ಬೀಡಿ ಸೇದಾಕತ್ಯಾನ, ಇಕಿ ಮುತ್ತೈದಿ ಹೌದೋ ಅಲ್ಲೋ ಅವನ್ನ ಕೇಳ್ರಿ" ಎಂದು ಅವ್ವ ಅವರ ಬಾಯಿ ಮುಚ್ಚಿಸಿದ್ದಳು.

ಅಂಥ ದೊಡ್ಡವ್ವ ನನ್ನ ಮದುವೆಯ ಅರಿಷಿಣಕ್ಕೆ, "ನಾ ಕೂಡಾಕ ಒಲ್ಲೆ" ಎಂದುಬಿಟ್ಟಳು. ಕಾರಣ ಹೇಳಲಿಲ್ಲ.

ಶಾಸ್ತ್ರದ ದಿನ ಕಲ್ಲಿಗೆ ಸುಣ್ಣ ಕೆಮ್ಮಣ್ಣು ಬರೆದು ಪಡಸಾಲೆಯಲ್ಲಿ ಇಟ್ಟಾಗಿತ್ತು. ಒರಳಿನಲ್ಲಿ ಕುಟ್ಟಿದ ಅರಿಷಿಣ ಪಕ್ಕದ ಮೊರದಲ್ಲಿತ್ತು. ಹೊತ್ತು ಏರಿತು. ಯಲಬುರ್ಗಾದಿಂದ ಬಂದ ಅತ್ತೆ, ಅಪ್ಪನ ತಂಗಿ, ಸೆರಗು ಸಿಕ್ಕಿಸಿ, "ನಾ ಕೂಡ್ತೀನಿ ಏಳ ವೈನಿ. ಮುಹೂರ್ತ ನಿನ್ನ ಗೆಳತಿ ಸಲುವಾಗಿ ಕಾಯತೈತೇನು?" ಎಂದಳು.

"ಕಲ್ಲು ಹಂಗ ಇರ್ಲಿ" ಎಂದು ಅವ್ವ ಎದ್ದು ಪಕ್ಕದ ಮನೆಗೆ ನಡೆದಳು. ನಾನು ಹಿಂದೆಯೇ ಹೋದೆ.

ದೊಡ್ಡವ್ವ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಅವ್ವ ಹೊಸ್ತಿಲಲ್ಲೇ ನಿಂತು, "ನಮ್ಮ ಅರಿಷಿಣ ಮುಟ್ಟಿದ್ರ ನಿಮ್ಮ ದೇವರಿಗೆ ಸಿಟ್ಟೇನಕ್ಕ? ಹಂಗಿದ್ರ ಹಂಗ ಹೇಳಿಬಿಡು" ಎಂದಳು.

"ಹುಚ್ಚಿ. ಅರಿಷಿಣ ಬೆಳಿಸಿದಾಂವನೂ ಅವನ ಅಲ್ಲೇನ."

"ಮತ್ತ ನನ್ನ ಮ್ಯಾಲ ಸಿಟ್ಟು?"

ದೊಡ್ಡವ್ವ ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದಳು. "ಹೋದ ವಾರ ಸಭಾದಾಗ ಓದಿ ಹೇಳಿದ್ರು. ಅಂವ ಬರೂ ಹೊತ್ತಿಗೆ ಇಬ್ಬರು ಹೆಂಗಸರು ಕೂಡಿ ಬೀಸಾಕತ್ತಿರ್ತಾರಂತ. ಒಬ್ಬಾಕಿನ್ನ ಒಯ್ತಾನಂತ. ಒಬ್ಬಾಕಿನ್ನ ಬಿಡ್ತಾನಂತ. ಇಬ್ಬರು ಕೂಡಿ ಕುಂತ್ರ ತಾನ ಆರಿಸೂದು? ಅದಕ್ಕ ಕೂಡಬಾರದಂತ ಮಾಡೀನಿ."

ಅವ್ವನಿಗೆ ನಗು ತಡೆಯಲಾಗಲಿಲ್ಲ. "ಇಷ್ಟೇನ? ನಾ ಹಿಂದ ಉಳೀತೀನಿ ಅಂತ ನಿನಗ ಚಿಂತಿ ಹತ್ತೇತಿ? ಉಳದ್ರ ಉಳೀತೀನಿ ಬಿಡ. ಮದುವಿ ಮನಿ, ಅರಿಷಿಣ ಬಳಿಯಾಕ ಒಬ್ಬಾಕಿ ಬೇಕಲ್ಲ."

ದೊಡ್ಡವ್ವ ನಗಲಿಲ್ಲ.

"ನಿಂದಲ್ಲ, ನಂದು ಚಿಂತಿ. ನಿನ್ನ ಒಯ್ದು ನನ್ನ ಬಿಟ್ರ? ನೀರಾಗ ಮುಳುಗಿ ಎದ್ದಾಕಿ ನಾ ಖರೆ. ಒಳಗ ಹೆಂಗದೀನಿ ಅಂತ ನನಗ ಗೊತ್ತೈತಿ. ನಮ್ಮತ್ತಿ ಹಾಸಿಗಿ ಹಿಡದಾಗ ನಾ ಮೂಗ ಮುಚ್ಚಿಕೊಂಡು ಹೊರಗ ನಿಂತೆ, ಬಂದು ಹೊಲಸು ಬಳದಾಕಿ ನೀನು. ಇದನ್ನೆಲ್ಲಾ ನೋಡಾಕ ಅವನಿಗೆ ಕಣ್ಣಿಲ್ಲೇನ?"

ಅವ್ವನ ನಗು ಎಲ್ಲಿ ಹೋಯಿತೋ. ಹೊಸ್ತಿಲು ದಾಟಿ ಅವಳ ಪಕ್ಕ ಕೂತಳು. ಆಚೆ ಮನೆಯ ಮಗ್ಗ ಲಟಕ್ಕೆಂದು ಬಡಿಯುವುದು, ನಿಲ್ಲುವುದು, ಮತ್ತೆ ಬಡಿಯುವುದು.

"ಒಂದ ಕೆಲಸ ಮಾಡೂಣು" ಎಂದಳು ಅವ್ವ. "ಗೂಟ ನೀ ಎರಡೂ ಕೈಲೆ ಹಿಡಿ. ನಿನ್ನ ಕೈ ಮ್ಯಾಲ ನನ್ನ ಎರಡೂ ಕೈ. ಯಾರನ್ನ ಒಯ್ಯಾಕ ಬಂದ್ರೂ ಕೈ ಬಿಡೂದು ಬ್ಯಾಡ. ಎಳೀಲಿ ನೋಡೂಣು."

"ದೇವರ ಜೋಡಿ ಹಗ್ಗ ಜಗ್ಗತೀಯೇನ?" ದೊಡ್ಡವ್ವನ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು.

"ಅರಿಷಿಣ ಮುಗಿಯೂಮಟ ಅಷ್ಟ. ಆಮ್ಯಾಲೆ ಅವನ ಮರ್ಜಿ."

ಬಂದು, ಕಲ್ಲಿನ ಬಾಯಿಗೆ ಮೊದಲ ಹಿಡಿ ಹಾಕಿ, ಹಾಗೆಯೇ ಕೈಮೇಲೆ ಕೈ ಇಟ್ಟು ಕೂತರು. ದೊಡ್ಡವ್ವ ಕಣ್ಣು ಮುಚ್ಚಿಕೊಂಡಳು. ಕಲ್ಲು ಒಮ್ಮೆ ನರಳಿ, ಆಮೇಲೆ ಮೆತ್ತಗೆ ಗುರುಗುಟ್ಟತೊಡಗಿತು. ಅವ್ವ ಬೀಸುವ ಪದ ಎತ್ತಿದಳು. ದೊಡ್ಡವ್ವನ ಬಾಯಿ ಮುಚ್ಚಿಯೇ ಇತ್ತು, ಆದರೆ ನುಡಿ ಮುಗಿಯುವಲ್ಲಿ ಗಂಟಲೊಳಗಿಂದ ಒಂದು ಎಳೆ ಹೊರಟು ಅವ್ವನ ದನಿಗೆ ಕೂಡಿಕೊಂಡಿತು. ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಅರಿಷಿಣದ ಧೂಳು ಏಳುತ್ತಿತ್ತು. ಅದರ ನಡುವೆ ಇಬ್ಬರ ಮುಖವೂ ಹಳದಿಯಾಗಿ, ಯಾರದು ಯಾವುದೆಂದು ತಿಳಿಯದಂತಾಗಿ, ಕಲ್ಲು ಸಮೇತ ಅವರು ನೆಲ ಬಿಟ್ಟು ನಾಲ್ಕು ಬೆರಳು ಮೇಲೆ ತಿರುಗುತ್ತಿದ್ದಾರೆ ಎನಿಸಿತು ನನಗೆ.

ಸ್ವಲ್ಪ ಹೊತ್ತಿಗೆ ಕಲ್ಲಿನ ಸದ್ದು ಬರಿದಾಯಿತು.

"ಖಾಲಿ ತಿರಗಾಕತ್ತೇತಿ, ಒಂದ ಹಿಡಿ ಹಾಕ" ಎಂದಳು ದೊಡ್ಡವ್ವ, ಕಣ್ಣು ತೆರೆಯದೆ.

"ಯಾವ ಕೈಲೆ ಹಾಕ್ಲಿ?" ಎಂದಳು ಅವ್ವ.

ಇಬ್ಬರೂ ಕೈ ಬಿಡಲಿಲ್ಲ. ನಾನು ಎದ್ದು ಮೊರದಿಂದ ಒಂದು ಹಿಡಿ ಅರಿಷಿಣ ಎತ್ತಿಕೊಂಡೆ. "ಮದುಮಗಳು ತನ್ನ ಅರಿಷಿಣಕ್ಕ ತಾನ ಕೈ ಹಚ್ಚೂದು ಯಾವ ಶಾಸ್ತ್ರದಾಗ ಐತ್ಯವಾ?" ಎಂದು ಅತ್ತೆ ಕೂಗಿದಳು. ಅವ್ವ ಅವಳ ಕಡೆ ತಿರುಗಲೂ ಇಲ್ಲ. ನಾನು ಕಲ್ಲಿನ ಬಾಯಿಗೆ ಹಿಡಿ ಸುರಿದೆ, ಮತ್ತೊಂದು ಹಿಡಿಗೆ ಕೈ ಚಾಚಿದೆ.